ಹುಣಸೆಹಣ್ಣು ಹಾಕಿ ಬೆಳಗಿದ ಟ್ರ್ಯಾಕ್ಟರ್

ಹಳೆಯ ವಸ್ತುವಿನ ಬೆಲೆ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಈ ಮದರಾಸಿನಲ್ಲಿ ಯಾರೂ ಇಲ್ಲ ಎಂದು ಕಳೆದ ವರ್ಷದ ತನಕ ನಾನು ನಂಬಿದ್ದೆ. ಓದಿದ್ದು ಮೂರನೇ ಕ್ಲಾಸು. ಆದರೆ ತಾಮ್ರದ ಹಂಡೆಯನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಅದರ ತೂಕ, ವಯಸ್ಸು, ಬೆಸುಗೆ ಹಾಕಿಸಿದ ಜಾಗ ಎಲ್ಲವನ್ನೂ ಹೇಳಿಬಿಡುತ್ತೇನೆ. ಸೌಕಾರ್‌ಪೇಟೆಯ ಪಾತ್ರೆ ಅಂಗಡಿಯವರು ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ತಕ್ಕಡಿಯನ್ನು ಒಳಗಿಟ್ಟು, ಮಾಲೀಕರು ಊಟಕ್ಕೆ ಹೋಗಿದ್ದಾರೆ ಎನ್ನುತ್ತಾರೆ. ಇಂಥ ನನಗೆ ಒಂದು ಟ್ರ್ಯಾಕ್ಟರ್ ಯಾವ ಲೆಕ್ಕ!

ಆದರೆ ಮೊದಲು ನನ್ನ ಮೊಮ್ಮಗಳ ವಿಷಯ ಹೇಳಬೇಕು. ಟ್ರ್ಯಾಕ್ಟರ್ ಆಮೇಲೆ.

ಮೊಮ್ಮಗಳ ಹೆಸರು ಮೇಧಾ. ವೇಲಚೇರಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಇಂಜಿನಿಯರಿಂಗ್ ಕಡೆಯ ವರ್ಷ, ಯಂತ್ರಗಳ ವಿಭಾಗ. ಹುಡುಗಿಯರು ಬಳೆ ಅಂಗಡಿಯ ಮುಂದೆ ನಿಲ್ಲುವ ಹಾಗೆ ಇವಳು ಗುಜರಿ ಅಂಗಡಿಯ ಮುಂದೆ ನಿಲ್ಲುತ್ತಾಳೆ. ಐದನೇ ವಯಸ್ಸಿನಲ್ಲಿ ನನ್ನ ಗ್ರೈಂಡರನ್ನು ಬಿಚ್ಚಿದಳು. ಆರನೇ ವಯಸ್ಸಿನಲ್ಲಿ ಅದನ್ನು ವಾಪಸು ಜೋಡಿಸಿದಳು. ನಡುವಿನ ಒಂದು ವರ್ಷ ನಮಗೆ ದೋಸೆ ಇರಲಿಲ್ಲ, ಅದು ಬೇರೆ ಮಾತು!

ನಮ್ಮ ಯಜಮಾನರು ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಅವರು ಕೆಲಸ ಮಾಡುತ್ತಿದ್ದ ಹೋಟೆಲಿನ ದೊಡ್ಡ ಭಟ್ಟರು ಹಿಂದೊಮ್ಮೆ, ಹೋಟೆಲಿಗೆ ಬೇಕಾದ ತರಕಾರಿಯನ್ನು ತಾವೇ ಬೆಳೆಯುತ್ತೇನೆಂದು ಕುಂಡ್ರತ್ತೂರಿನ ಆಚೆ ಜಾಗ ಕೊಂಡು, ಅದನ್ನು ಮಟ್ಟ ಮಾಡಲು ಯಾವುದೋ ಹರಾಜಿನಲ್ಲಿ ಒಂದು ಟ್ರ್ಯಾಕ್ಟರ್ ಹಿಡಿದರು. ಬೆಳೆದದ್ದು ಒಂದೇ ವರ್ಷ, ಬರೀ ಬದನೆ. ಆ ವರ್ಷ ಸಾಂಬಾರಿನಲ್ಲೂ ಬದನೆ, ಗೊಜ್ಜಿನಲ್ಲೂ ಬದನೆ ತಿಂದ ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರು. ಟ್ರ್ಯಾಕ್ಟರ್ ಶೆಡ್ಡಿಗೆ ಹೋಯಿತು. ಭಟ್ಟರು ದೇವರ ಪಾದಕ್ಕೆ ಹೋದರು. ಈಗ ಅವರ ಮಗ, ಸಣ್ಣ ಭಟ್ಟರು, ಆ ಜಾಗ ಮಾರಲು ಹೊರಟಿದ್ದರು.

ಆ ಟ್ರ್ಯಾಕ್ಟರಿಗೆ ಚಕ್ರವೇ ಇಲ್ಲ! ಎರಡೂ ಪಕ್ಕ ಕಬ್ಬಿಣದ ಪಟ್ಟಿ, ಮಿಲಿಟರಿ ಟ್ಯಾಂಕಿಗೆ ಇರುವಂಥದ್ದು. ತಿರುಗಿಸಲು ಚಕ್ರದ ಬದಲು ಎರಡು ಉದ್ದನೆಯ ಹಿಡಿ. ಸೀಟೋ, ತೂತು ತೂತಿನ ಕಬ್ಬಿಣದ ತಟ್ಟೆ. ಅದರ ಮೇಲೆ ಅಕ್ಕಿ ತೊಳೆಯಬಹುದು. ಕಂಪನಿಯ ಹೆಸರು ಬರೆದ ಫಲಕವನ್ನು ಯಾರೋ ಎಂದೋ ಕಿತ್ತುಕೊಂಡು ಹೋಗಿದ್ದರು. ಗುಜರಿಯ ಮುರುಗನ್ ಬಂದು ಸುತ್ತ ನೋಡಿ, ತೂಕಕ್ಕೆ ಒಂದು ಲಕ್ಷದ ನಲವತ್ತು ಸಾವಿರ ಎಂದ. ಸಣ್ಣ ಭಟ್ಟರು ಆಯ್ತು ಎಂದರು.

ಆಗ, ಯಜಮಾನರ ಜೊತೆ ನೋಡಲು ಬಂದಿದ್ದ ಮೇಧಾ ಸಣ್ಣ ಭಟ್ಟರಿಗೆ ಅಡ್ಡ ಬಂದಳು.

"ಅಂಕಲ್, ಇದನ್ನ ಕಟ್ ಮಾಡ್ಬೇಡಿ. ಇದು ಅಪೂರ್ವಮಾನ ವಂಡಿ, ತುಂಬಾ ರೇರ್ ಗಾಡಿ. ನಂಗೆ ಸ್ವಲ್ಪ ಟೈಮ್ ಕೊಡಿ, ಪ್ರೂವ್ ಮಾಡ್ತೇನೆ."

ಮೂರು ತಿಂಗಳು ಪ್ರತಿ ಭಾನುವಾರ ಮಗು ಆ ಶೆಡ್ಡಿನಲ್ಲಿ ಮಲಗಿ ಎದ್ದಳು. ಪಟ್ಟಿಯ ಅಗಲ ಅಳೆದಳು, ಕೆಳಗಿನ ಉರುಳೆಗಳನ್ನು ಎಣಿಸಿದಳು, ಯಾವ ದೇಶದ್ದೋ ಹಳೆಯ ಪುಸ್ತಕಗಳನ್ನು ಫೋನಿನಲ್ಲಿ ತೆರೆದು ಹೋಲಿಸಿದಳು. ಕೊನೆಗೆ ಕಂಪನಿಯ ಹೆಸರು ಕಂಡುಹಿಡಿದಳು. ಆ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಹೇಳಲು ಹೋದರೆ ಹಲ್ಲಿನ ಸೆಟ್ಟು ಜಾರುತ್ತದೆ. ಇಂಜಿನಿನ ಪಕ್ಕದಲ್ಲಿ ಉಳಿಯಿಂದ ಕುಟ್ಟಿದ ಒಂದು ನಂಬರ್ ಇತ್ತು. ಅದರ ಮೊದಲ ಅಂಕಿ ಮೂರಾದರೆ ತುಂಬಾ ಅಪರೂಪದ ಗಾಡಿ, ಎಂಟಾದರೆ ಊರಿಗೆ ಹತ್ತು. ಇವಳ ಕಣ್ಣಿಗೆ ಅದು ಮೂರು. ಬೆಲೆ ಕಟ್ಟುವ ಸಾಹೇಬರೊಬ್ಬರು ಕೊಯಮತ್ತೂರಿನಿಂದ ಭಾನುವಾರ ಹತ್ತು ಗಂಟೆಗೆ ಬರುವುದೆಂದು ನಿಶ್ಚಯವಾಯಿತು. ಅವರು ಒಪ್ಪಿದರೆ ಟ್ರ್ಯಾಕ್ಟರ್ ಉಳಿಯುತ್ತದೆ. ಒಪ್ಪದಿದ್ದರೆ ಅದೇ ದಿನ ಮುರುಗನ್ ಕಟ್ಟರ್ ತಂದು ತುಂಡು ಮಾಡುತ್ತಾನೆ. ಸಣ್ಣ ಭಟ್ಟರ ಷರತ್ತು ಅಷ್ಟೇ.

ಶನಿವಾರ ಮೇಧಾಳಿಗೆ ಪರೀಕ್ಷೆ. ಹೊರಡುವ ಮುಂಚೆ ನನ್ನ ಕೈ ಹಿಡಿದು ಹೇಳಿದಳು:

"ಅಮ್ಮಮ್ಮ, ನೀನೂ ಅಜ್ಜಯ್ಯನೂ ಶೆಡ್ಡಲ್ಲಿ ಕೂತಿರಿ. ಮುರುಗನ್ ಆಳುಗಳು ಮೊದ್ಲೇ ಬಂದು ಏನಾದ್ರೂ ಬಿಚ್ಚಿದ್ರೆ ಪೋಚ್ಚು, ಎಲ್ಲ ಹೋಯ್ತು. ಸುಮ್ನೆ ಕೂತ್ರೆ ಸಾಕು."

ಸುಮ್ಮನೆ ಕೂರುವುದು! ಎಪ್ಪತ್ತೊಂದು ವರ್ಷದಲ್ಲಿ ನನಗೆ ಯಾರೂ ಕಲಿಸದ ಒಂದೇ ಕೆಲಸ ಅದು.

ಶೆಡ್ಡಿಗೆ ಹೋಗಿ ಕೂತೆವು. ಹತ್ತು ನಿಮಿಷ ಟ್ರ್ಯಾಕ್ಟರನ್ನು ನೋಡಿದೆ. ಮೈತುಂಬಾ ಧೂಳು, ಜೇಡರ ಬಲೆ, ಎಣ್ಣೆ ಜಿಡ್ಡು. ಅಲ್ಲಲ್ಲಿ ಹೊಪ್ಪಳೆ ಎದ್ದ ಬೂದಿ ಬಣ್ಣ, ಪಕ್ಕದಲ್ಲಿ ಅರ್ಧಂಬರ್ಧ ಅಳಿಸಿದ ಇಂಗ್ಲಿಷ್ ಅಕ್ಷರ.

"ಹೋಯ್, ಕಾಣಿ," ಎಂದೆ ಯಜಮಾನರಿಗೆ, "ನಾಳೆ ಹೆಣ್ಣು ನೋಡ್ಲಿಕ್ಕೆ ಬರ್ತಾರೆ. ಹುಡುಗಿ ಮುಖ ತೊಳೀದೆ ಕೂತಿದ್ದಾಳೆ!"

"ಅದು ಹುಡುಗಿ ಅಲ್ಲ ಮಾರಾಯ್ತಿ. ಟ್ರ್ಯಾಕ್ಟರು."

"ಬೆಲೆ ಕಟ್ಟುವವರ ಕಣ್ಣು ಮೊದ್ಲು ಹೋಗುದು ಎಲ್ಲಿಗೆ? ಹೊಳಪಿಗೆ. ನೀವು ಕೊಳೆ ಹಂಡೆ ಕೊಟ್ಟು ಒಳ್ಳೇ ರೇಟ್ ತಂದದ್ದುಂಟಾ?"

"ನಾನು ಹಂಡೆಯೇ ಮಾರಿದ್ದಿಲ್ಲ."

"ಅದಕ್ಕೇ ಹೇಳುದು, ನಿಮಗೆ ಗೊತ್ತಿಲ್ಲ. ಏಳಿ!"

ಹೀಗೆ ಸಭೆಯಲ್ಲಿ ಸರ್ವಾನುಮತದಿಂದ ನಿರ್ಣಯವಾಯಿತು. ಪಕ್ಕದ ಅಂಗಡಿಯಿಂದ ಎರಡು ಕಿಲೋ ಹುಣಸೆಹಣ್ಣು, ವಾಷಿಂಗ್ ಸೋಡಾ, ತೆಂಗಿನ ನಾರು ತರಿಸಿದೆ. ಇಟ್ಟಿಗೆ ಶೆಡ್ಡಿನಲ್ಲೇ ಇತ್ತು. ಕುಟ್ಟಿ ಪುಡಿ ಮಾಡಿದೆ. ಸೆರಗು ಸೊಂಟಕ್ಕೆ ಕಟ್ಟಿ ಶುರು ಮಾಡಿದೆ ನೋಡಿ! ಎದುರಿನ ಜಾಲರಿ, ಎರಡು ಹಿಡಿ, ಸೀಟು, ಇಂಜಿನಿನ ಎರಡೂ ಪಕ್ಕ. ನಾನು ತಿಕ್ಕಿದೆ. ಗಟ್ಟಿ ಕೂತ ಬಣ್ಣವನ್ನು ಯಜಮಾನರು ಕೆರೆದರು. ದೋಸೆಕಲ್ಲು ಕೆರೆಯುವ ಕಬ್ಬಿಣದ ಸಟ್ಟುಗ ಅವರ ಚೀಲದಲ್ಲಿ ಸದಾ ಇರುತ್ತದೆ, ಕೆಲವರು ಕೊಡೆ ಹಿಡಿದು ಓಡಾಡುವ ಹಾಗೆ. ರಿಟೈರಾದ ಮೇಲೆ ಅವರು ಇಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಕಂಡಿರಲಿಲ್ಲ.

"ನಲವತ್ತು ವರ್ಷದ ಕೈ!" ಎಂದರು, ಆ ಇಂಗ್ಲಿಷ್ ಅಕ್ಷರಗಳನ್ನು ಒಂದೇ ಎಳೆತಕ್ಕೆ ಎಬ್ಬಿಸುತ್ತಾ.

ಸಂಜೆಯಾಗುವಷ್ಟರಲ್ಲಿ ಬಣ್ಣವೆಲ್ಲ ಹೋಗಿ ಟ್ರ್ಯಾಕ್ಟರ್ ಸಿಪ್ಪೆ ಸುಲಿದ ಆಲೂಗಡ್ಡೆಯ ಹಾಗೆ ನಿಂತಿತ್ತು. ಹಾಗೇ ಬಿಡಲಿಕ್ಕಾಗುತ್ತದೆಯೇ? ಗೇಟಿಗೆ ಬಳಿಯುವ ಬೆಳ್ಳಿ ಬಣ್ಣದ ಡಬ್ಬ ಮೂಲೆಯಲ್ಲಿತ್ತು. ಬಳಿಸಿದೆ. ಮುಂದೆ ರಂಗೋಲಿ ಹಾಕಿದೆ. ಜಾಲರಿಗೆ ಅರಿಶಿನ ಕುಂಕುಮ ಇಟ್ಟೆ. ದೃಷ್ಟಿಯಾಗಬಾರದೆಂದು ಪಟ್ಟಿಯ ಮೇಲೆ ಒಂದು ಕಪ್ಪು ಬೊಟ್ಟೂ ಇಟ್ಟೆ.

ಭಾನುವಾರ ಹತ್ತು ಗಂಟೆಗೆ ಮೇಧಾ ಸಾಹೇಬರನ್ನು ಕರೆದುಕೊಂಡು ಬಂದಳು. ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಕೈಯಲ್ಲಿ ಮೂರು ತಿಂಗಳ ಕಾಗದದ ಫೈಲು. ಹಿಂದೆ ಸಣ್ಣ ಭಟ್ಟರು. ಹೊರಗೆ ಮುರುಗನ್ ಲಾರಿಯಲ್ಲಿ ಗ್ಯಾಸ್ ಸಿಲಿಂಡರು ಸಮೇತ ಕಾದಿದ್ದ. ನಾನು ಶೆಡ್ಡಿನ ಬಾಗಿಲನ್ನು ತೆರೆದೆ.

ಬಿಸಿಲು ಬಿತ್ತು. ಟ್ರ್ಯಾಕ್ಟರ್ ಮದುವೆ ಮನೆಯ ಬೆಳ್ಳಿ ಕುಂಕುಮದ ಭರಣಿಯ ಹಾಗೆ ಝಗ್ಗೆಂದಿತು.

ಎಲ್ಲರೂ ಬಾಗಿಲಲ್ಲೇ ನಿಂತುಬಿಟ್ಟರು. ಹೊಗಳಿಕೆಗೆ ಶಬ್ದ ಸಿಗುತ್ತಿಲ್ಲ ಎಂದುಕೊಂಡೆ.

"ಅಮ್ಮಮ್ಮ," ಮೇಧಾಳ ಧ್ವನಿ ಸಣ್ಣದಾಗಿತ್ತು, "ಯಾರು ಮಾಡಿದ್ದು ಇದು?"

"ನಾನೇ ಮಗಾ!" ಎಂದೆ. "ಅಜ್ಜಯ್ಯನೂ ಸ್ವಲ್ಪ ಸಹಾಯ ಮಾಡಿದ್ರು."

"ನಾನು ಬೇಡ ಅಂದಿದ್ದೆ," ಎಂದರು ಯಜಮಾನರು. ಐವತ್ತು ವರ್ಷದ ಸಂಸಾರ! ಅರ್ಧ ನಿಮಿಷದಲ್ಲಿ ಕೈಬಿಟ್ಟರು.

"ಅದು ಒರಿಜಿನಲ್ ಪೇಂಟ್ ಅಮ್ಮಮ್ಮ! ಕಂಪನೀಲಿ ಹೊಡೆದ ಪೇಂಟ್! ಆ ಲೆಟರ್ಸ್... ಅಯ್ಯೋ, ಎಲ್ಲಾಮೇ ಪೋಚ್ಚು!"

ಸಾಹೇಬರು ಕನ್ನಡಕ ಒರೆಸಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ತಮಿಳಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಅಮ್ಮಾ, ಇಂಥ ಗಾಡಿಗಳಲ್ಲಿ ಕೊಳೆಗೂ ಬೆಲೆ ಉಂಟು. ತುಕ್ಕಿಗೂ ಬೆಲೆ ಉಂಟು. ಬೆಲೆ ಇಲ್ಲದ್ದು ಒಂದೇ, ಹೊಸ ಹೊಳಪು.

ಇಂಥ ಶಾಸ್ತ್ರ ಯಾವ ಪಾತ್ರೆ ಅಂಗಡಿಯಲ್ಲಿ ಉಂಟು ಹೇಳಿ!

ಆಮೇಲೆ ಅವರು ಇಂಜಿನಿನ ಪಕ್ಕ ಬಗ್ಗಿ ಆ ನಂಬರನ್ನು ಹುಡುಕಿದರು. ಬೆಳ್ಳಿ ಬಣ್ಣವನ್ನು ಬಟ್ಟೆಯಲ್ಲಿ ಒರೆಸಿದರು. ಭೂತಗನ್ನಡಿ ಹಿಡಿದರು. ನನ್ನ ಇಟ್ಟಿಗೆ ಪುಡಿಯೂ ಯಜಮಾನರ ನಲವತ್ತು ವರ್ಷದ ಕೈಯೂ ಸೇರಿ ಮೊದಲ ಅಂಕಿಯನ್ನು ನೆಕ್ಕಿ ತೆಗೆದಿದ್ದವು. ಅದು ಮೂರೂ ಆಗಬಹುದು, ಎಂಟೂ ಆಗಬಹುದು, ಸೊನ್ನೆ ಎಂದರೂ ತಪ್ಪಿಲ್ಲ. ಮೇಧಾ ಫೋನು ತೆಗೆದು ಹಳೆಯ ಫೋಟೋ ತೋರಿಸಿದಳು. ಸಾಹೇಬರು ಆಗದೆಂದು ತಲೆಯಾಡಿಸಿದರು. ಫೋಟೋ ಯಾವ ಗಾಡಿಯದ್ದೂ ಆಗಬಹುದು, ಕಣ್ಣಾರೆ ಕಾಣದೆ ಸಹಿ ಹಾಕುವುದಿಲ್ಲವಂತೆ.

ಸಣ್ಣ ಭಟ್ಟರು ಗಡಿಯಾರ ನೋಡಿದರು. ಮುರುಗನ್ ಒಳಗೆ ಬಂದ. ಇಡೀ ಶೆಡ್ಡಿನಲ್ಲಿ ನನ್ನ ಕೆಲಸವನ್ನು ಮೆಚ್ಚಿದವನು ಅವನೊಬ್ಬನೇ.

"ಪಾಟಿ, ಸೂಪರ್! ಪಳಪಳನ್ನು ಇರುಕ್ಕು!" ಎಂದು ಈ ಅಜ್ಜಿಯ ಹೊಳಪನ್ನು ಹೊಗಳಿ ಕಟ್ಟರಿನ ಪೈಪು ಬಿಚ್ಚತೊಡಗಿದ.

ಮೂರು ತಿಂಗಳ ಭಾನುವಾರಗಳನ್ನು ನಾನು ಒಂದು ಮಧ್ಯಾಹ್ನದಲ್ಲಿ ತೊಳೆದುಹಾಕಿದ್ದೆ. ಮಗು ಅತ್ತರೆ ಸಮಾಧಾನ ಮಾಡುವ ಮುಖವಾದರೂ ನನಗೆಲ್ಲಿದೆ? ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಅಳಲೂ ಇಲ್ಲ. ಫೈಲು ತೆರೆದು ಒಂದು ಚಿತ್ರ ನೋಡಿದಳು.

"ಒಂದ್ನಿಮಿಷ ಅಂಕಲ್," ಎಂದಳು. "ಪುಸ್ತಕದಲ್ಲಿ ಇದೇ ನಂಬರ್ ಇನ್ನೊಂದ್ಕಡೆ ಕುಟ್ತಾರೆ ಅಂತ ಉಂಟು. ಹಿಂದೆ, ಗೇರ್ ಪೆಟ್ಟಿಗೆ ಕೆಳಗೆ. ಜಿಡ್ಡು ದಪ್ಪ ಇತ್ತು, ನಾನು ಇದುವರೆಗೆ ನೋಡ್ಲಿಲ್ಲ." ಹಾಗೆಂದವಳು ನನ್ನ ಕಡೆ ತಿರುಗಿದಳು. "ಅಮ್ಮಮ್ಮ, ನಿಜ ಹೇಳು. ಅಡಿಭಾಗವೂ ತಿಕ್ಕಿದ್ಯಾ?"

ಜೀವನದಲ್ಲಿ ಮೊದಲ ಬಾರಿಗೆ ನನ್ನ ಸೋಮಾರಿತನವನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದೆ.

"ಇಲ್ಲ ಮಗಾ," ಎಂದೆ. "ಬರುವವರಿಗೆ ಕಾಣುವಲ್ಲಿ ಮಾತ್ರ."

"ಮನೆಯಲ್ಲೂ ಹಾಗೇ," ಎಂದರು ಯಜಮಾನರು. "ಸೋಫಾ ಕೆಳಗೆ ಒಮ್ಮೆ ಕಾಣ್ಬೇಕು."

ಮೇಧಾ ಬಿಳಿ ಕುರ್ತಾದಲ್ಲೇ ಬೆನ್ನಡಿಯಾಗಿ ಟ್ರ್ಯಾಕ್ಟರಿನ ಕೆಳಗೆ ನುಗ್ಗಿದಳು. ಸಾಹೇಬರು ಟಾರ್ಚು ಹಿಡಿದು ಮಂಡಿಯೂರಿದರು. ಒಳಗಿನಿಂದ ಕೆರೆಯುವ ಶಬ್ದ. ಜಿಡ್ಡಿನ ಉಂಡೆಗಳು ಒಂದೊಂದಾಗಿ ಹೊರಗೆ ಬಿದ್ದವು. ಮುರುಗನ್ ಕೂಡ ಪೈಪು ಕೆಳಗಿಟ್ಟು ಬಗ್ಗಿದ. ನಾನು ಊರಿನ ದೇವರಿಗೆಲ್ಲ ಹರಕೆ ಹೊತ್ತು, ಸಾಲದೆ ವೇಲಚೇರಿಯ ಅಮ್ಮನಿಗೂ ಒಂದು ಸೀರೆ ಎಂದೆ.

"ಮೂಣು!" ಕೆಳಗಿನಿಂದ ಕೂಗು ಬಂತು. "ಅಮ್ಮಮ್ಮ, ಮೂರು! ಕ್ಲಿಯರ್ ಆಗಿ ಮೂರು!"

ಸಾಹೇಬರು ತಾವೂ ಅರ್ಧ ಮೈ ತೂರಿಸಿ ನೋಡಿದರು. ಹೊರಗೆ ಬಂದಾಗ ಅವರ ಮೂಗಿನ ಮೇಲೆ ಕಪ್ಪು ಜಿಡ್ಡು, ಮುಖದಲ್ಲಿ ನಗು. ನನ್ನ ಮೊಮ್ಮಗಳ ಕೈ ಕುಲುಕಿದರು! ನಲವತ್ತು ವರ್ಷ ಈ ಕೆಲಸ ಮಾಡಿದವರು, ಇಪ್ಪತ್ತೊಂದರ ಹುಡುಗಿಯ ಕೈ ಕುಲುಕಿ, ಫಲಕವಿಲ್ಲದ ಗಾಡಿಯನ್ನು ಇಷ್ಟು ಸರಿಯಾಗಿ ಗುರುತಿಸಲು ನನಗೂ ಆಗುತ್ತಿರಲಿಲ್ಲ, ಪರೀಕ್ಷೆ ಮುಗಿದ ಮೇಲೆ ನನ್ನಲ್ಲಿ ಕೆಲಸಕ್ಕೆ ಬಾ ಎಂದರು. ಅವಳ ಕುರ್ತಾ ಪೂರ್ತಿ ಕಪ್ಪಾಗಿತ್ತು. ನನ್ನ ಕಣ್ಣಿಗೆ ಮಾತ್ರ ಅವಳು ಪಟ್ಟಕ್ಕೆ ಕೂತ ರಾಣಿ. ತಬ್ಬಿಕೊಂಡು ನಾನೂ ಕಪ್ಪಾದೆ.

ಬೆಲೆ? ಇದ್ದ ಸ್ಥಿತಿಯಲ್ಲಿ ಆರು ಲಕ್ಷ. ಹಳೆಯ ಬಣ್ಣ ಇದ್ದಿದ್ದರೆ ಒಂಬತ್ತು.

"ದೋಸೆ ಹೊಯ್ದು ಮೂರು ಲಕ್ಷ ಉಳಿಸ್ಲಿಕ್ಕೆ ನಂಗೆ ಇಪ್ಪತ್ತು ವರ್ಷ ಬೇಕಾಯ್ತು," ಎಂದರು ಯಜಮಾನರು. "ನಿನ್ಗೆ ಒಂದು ಮಧ್ಯಾಹ್ನ ಸಾಕಾಯ್ತು."

ಸಣ್ಣ ಭಟ್ಟರು ಒಳ್ಳೆಯವರು. ಕಬ್ಬಿಣದ ಬೆಲೆಗೆ ಹೋಗುವುದು ಆರಕ್ಕೆ ಹೋಯಿತಲ್ಲ ಎಂದು ಸಂತೋಷಪಟ್ಟು, ಹಳೆಯ ಗಾಡಿ ಕೂಡಿಡುವ ಒಬ್ಬರಿಗೆ ಟ್ರ್ಯಾಕ್ಟರನ್ನು ಕೊಟ್ಟರು. ಮುರುಗನಿಗೆ ಲಾರಿ ಬಾಡಿಗೆಯೂ ಸಿಕ್ಕಿತು.

ತಿಂಗಳಾದ ಮೇಲೆ ಸಾಹೇಬರ ವರದಿ ಬಂತು. ದಪ್ಪ ಕಾಗದ, ಮೊಹರು, ಎಲ್ಲ ಇಂಗ್ಲಿಷ್. ಗುರುತಿಸಿದವರು ಎಂಬಲ್ಲಿ ಮೇಧಾಳ ಹೆಸರು ಅಚ್ಚಾಗಿತ್ತು.

"ನಿನ್ನ ವಿಷಯವೂ ಉಂಟು ಅಮ್ಮಮ್ಮ, ಕೆಳಗೆ," ಎಂದಳು ಮೇಧಾ, ನಗು ತಡೆದುಕೊಂಡು. ಏನೆಂದು ನಾನು ಕೇಳಲಿಲ್ಲ. ಅಚ್ಚಾದ ಮೇಲೆ ಒಳ್ಳೆಯದೇ ಇರುತ್ತದಲ್ಲ! ಅವಳು ಪ್ರತಿ ತೆಗೆಸಿ ಕೊಟ್ಟಳು, ನಾನು ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದೆ. ಹಾಲಿನವನು, ಗ್ಯಾಸಿನವನು, ನೀರಿನ ಕ್ಯಾನಿನವನು, ಬಂದವರಿಗೆಲ್ಲ ತೋರಿಸಿದೆ. ಮೇಲೆ ಮೊಮ್ಮಗಳು, ಕೆಳಗೆ ನಾನು!

ಕೊನೆಗೆ ಎದುರು ಮನೆಯ ಟೀಚರಮ್ಮನನ್ನು ಕಾಫಿಗೆ ಕರೆದು, ಜೋರಾಗಿ ಓದಿ ಎಂದೆ. ಅವರು ಮೇಲಿನದನ್ನು ಓದಿ ಭಲೇ ಎಂದರು. ಕೆಳಗಿನದನ್ನು ಓದಿ ಕೆಮ್ಮಿದರು. ಒತ್ತಾಯ ಮಾಡಿದ ಮೇಲೆ ಅರ್ಥ ಹೇಳಿದರು: ‘ಮೂಲ ಬಣ್ಣ: ತಪಾಸಣೆಯ ಹಿಂದಿನ ದಿನ, ಗುರುತಿಸಿದವರ ಅಜ್ಜಿಯಿಂದ ಸಂಪೂರ್ಣ ನಾಶ.’

ಕಟ್ಟು ಇಳಿಸಲು ಮನಸ್ಸಾಗಲಿಲ್ಲ, ಮೇಲೆ ಮಗುವಿನ ಹೆಸರಿದೆಯಲ್ಲ. ಕೆಳಗಿನ ಸಾಲು ಮುಚ್ಚುವ ಹಾಗೆ ಒಂದು ಪ್ಲಾಸ್ಟಿಕ್ ಹೂವಿನ ಹಾರ ಹಾಕಿದೆ. ಈಗ ಮನೆಗೆ ಬಂದವರು ಹಾರ ಕಂಡು ಚಪ್ಪಲಿ ಬಿಟ್ಟು, ಧ್ವನಿ ತಗ್ಗಿಸಿ ಕೇಳುತ್ತಾರೆ:

"ಯಾರು ಹೋದದ್ದು?"

"ಬಣ್ಣ," ಎನ್ನುತ್ತೇನೆ.