ಏಳು ಎಲೆಯ ಷರತ್ತು

ಟೈಲರಣ್ಣ ಬೆಳಿಗ್ಗೆ ಬಾಗಿಲು ತೆಗೆದದ್ದೇ ತಡ, ಹೊರಗಿನ ಕಟ್ಟೆಯ ಮೇಲಿದ್ದ ನಿಂಬೆ ಗಿಡದಿಂದ ಒಂದು ಎಲೆ ಉದುರಿ ಅವನ ಕಾಲ ಮೇಲೆ ಬಿತ್ತು. ಎಲೆ ಅಂದರೆ ಎಷ್ಟು ತೂಕ? ಆದರೂ ಕಲ್ಲು ಬಿದ್ದವನ ಹಾಗೆ "ಅಯ್ಯಯ್ಯೋ!" ಅಂತ ಕೂಗಿಬಿಟ್ಟ.

ಕೂಗದೆ ಏನು ಮಾಡ್ತಾನೆ, ಪಾಪ! ಒಂದು ನಾಯಿಮರಿ ಸಾಕೋಣ ಅಂತ ಮೂರು ವರ್ಷದಿಂದ ಹೆಂಡತಿಯ ಹತ್ತಿರ ಗೋಗರೆಯುತ್ತಿದ್ದ. ಹತ್ತು ದಿನದ ಹಿಂದೆ ಅಕ್ಕನ ಮನೆಗೆ ಹೊರಟವಳು, ತಾನೇ ಬೀಜ ಹಾಕಿ ಬೆಳೆಸಿದ ಈ ಗೇಣುದ್ದದ ಗಿಡ ತೋರಿಸಿ ಹೇಳಿದ್ದಳು: "ನೋಡ್ರೀ, ಏಳು ಎಲೆ ಇದೆ. ನಾನು ಬರೋವರೆಗೂ ಬದುಕಿಸಿಕೊಂಡ್ರೆ ನಾಯಿಮರಿ. ಸತ್ತುಹೋದ್ರೆ ಇನ್ನು ಆ ಸುದ್ದಿನೇ ಎತ್ತಬಾರದು."

ಅವಳು ಬರುವುದು ಇವತ್ತು ಸಂಜೆ ಐದರ ಬಸ್ಸಿಗೆ. ಗಿಡವೋ, ಒದ್ದೆ ಕಾಲರಿನ ಹಾಗೆ ಜೋತುಬಿದ್ದಿತ್ತು.

ಕೂಗು ಕೇಳಿ ಪಕ್ಕದ ಮನೆಯ ಅಜ್ಜಿ ಓಡಿಬಂದರು. "ಇದಕ್ಕೆ ಬೇಜಾರಾಗಿದೆ ಕಣೋ. ಪ್ರೀತಿಯಿಂದ ಮಾತಾಡಿಸು."

ಟೈಲರಣ್ಣ ಬಗ್ಗಿ, "ಏನಮ್ಮಾ, ಹುಷಾರಿಲ್ವಾ?" ಅಂದ. ಇನ್ನೊಂದು ಎಲೆ ಉದುರಿತು.

ಅಷ್ಟರಲ್ಲಿ ಮಹಡಿಯಿಂದ ರಿಟೈರಾದ ಡ್ರಿಲ್ ಮೇಷ್ಟ್ರು ಇಳಿದರು. "ಮುದ್ದು ಮಾಡಿದ್ರೆ ಹೀಗೇ ಆಗೋದು! ಬೆನ್ನು ನೆಟ್ಟಗಿಲ್ಲ. ಬಿಸಿಲಲ್ಲಿ ನಿಲ್ಸಿ, ಕೋಲು ಕಟ್ಟಿ!" ಅಂದವರು ತಾವೇ ಕೋಲು ಚುಚ್ಚಿ, ಬೂಟಿನ ದಾರದಲ್ಲಿ ಬಿಗಿದು ಕಟ್ಟಿದರು. ಆ ಬಿಗಿತಕ್ಕೆ ಮತ್ತೆರಡು ಎಲೆ ಹೋದವು. ಉಳಿದದ್ದು ಮೂರೇ.

ಎದುರು ಮನೆಯ ನರ್ಸಕ್ಕ ಡ್ಯೂಟಿ ಮುಗಿಸಿ ಬಂದವಳು, ಗುಂಪು ನೋಡಿ ಒಳಗೆ ನುಗ್ಗಿ ಕುಂಡದ ಮಣ್ಣಿಗೆ ಬೆರಳಿಟ್ಟಳು. ಬೆರಳು ಪಚಕ್ಕಂತ ಇಳಿದುಹೋಯಿತು. "ಅಯ್ಯೋ, ಇದು ಮುಳುಗಿಹೋಗಿದೆ! ಎಷ್ಟು ನೀರು ಹಾಕ್ತಿದ್ರಿ?"

"ದಿನಕ್ಕೆ ಒಂದೇ ಲೋಟ ಅಕ್ಕ, ಆಣೆಗೂ!"

"ನಾನೂ ಒಂದು ಲೋಟ ಹಾಕ್ತಿದ್ದೆ," ಅಂದರು ಅಜ್ಜಿ. "ಅಂಗಡಿಗೆ ಹೋಗುವಾಗ 'ಸ್ವಲ್ಪ ಗಿಡ ನೋಡ್ಕೊಳ್ಳಿ' ಅಂದಿದ್ಯಲ್ಲ?"

"ನನಗೂ ಹೇಳಿದ್ರಿ," ಮೇಷ್ಟ್ರು ಎದೆಯುಬ್ಬಿಸಿದರು. "ಬೆಳಿಗ್ಗೆ ಆರಕ್ಕೆ ಒಂದು ಚೊಂಬು, ಸಂಜೆ ಆರಕ್ಕೆ ಒಂದು ಚೊಂಬು. ಒಂದು ದಿನ ತಪ್ಪಿಸಿಲ್ಲ!"

ನರ್ಸಕ್ಕ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾ, "ನಾನೂ... ಒಂದು ಬಾಟ್ಲಿ," ಅಂದಳು.

"ಆದ್ರೂ ಇಷ್ಟೊಂದು ನೀರು ಕೆಳಗೆ ಸೋರಿ ಹೋಗ್ಬೇಕಿತ್ತಲ್ಲ?" ಅಂತ ಮೇಷ್ಟ್ರು ಕುಂಡ ಎತ್ತಿ ನೋಡಿದರು. ತಳದ ತೂತಿಗೆ ಒಂದು ಕೋಟಿನ ಗುಂಡಿ ಅಚ್ಚುಕಟ್ಟಾಗಿ ಕೂತಿತ್ತು. ನೀರು ಸೋರಿ ಕಟ್ಟೆ ಕೊಳೆಯಾಗುತ್ತೆ ಅಂತ ಮೊದಲನೇ ದಿನವೇ ಅದನ್ನು ಇಟ್ಟವನು ಯಾರು ಅಂತೀರಿ? ತೂತು ಕಂಡಲ್ಲಿ ಗುಂಡಿ ಹಾಕುವ ಕಸುಬು, ಕೈ ಸುಮ್ಮನಿರಬೇಕಲ್ಲ!

ತಪ್ಪು ಗೊತ್ತಾದ ಮೇಲೆ ಟೈಲರಣ್ಣ ಅಂಗಡಿಗೆ ಬೀಗ ಜಡಿದು, ಬಟ್ಟೆ ಚೂರಿನ ಮೂಟೆಯನ್ನೇ ಹೊತ್ತು ತಂದ. ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ ಹತ್ತಿಬಟ್ಟೆಯಲ್ಲಿ ಸುತ್ತಿದ. ಒದ್ದೆಯಾದ ಬಟ್ಟೆ ಬಿಚ್ಚಿ ಒಣಗಿದ್ದು ಸುತ್ತುವುದು, ಮತ್ತೆ ಬಿಚ್ಚುವುದು, ಮತ್ತೆ ಸುತ್ತುವುದು. ಬಟ್ಟೆ ಬದಲಿಸುವ ಹೊತ್ತಾಯಿತು ಅಂತ ಮೇಷ್ಟ್ರು ಕಾಲು ಗಂಟೆಗೊಮ್ಮೆ ಸೀಟಿ ಊದಿದರು. ಅಜ್ಜಿ ಬೀಸಣಿಗೆ ಬೀಸಿದರು. ನರ್ಸಕ್ಕ ಎಲ್ಲಿಂದಲೋ ಒಣಮಣ್ಣು ತಂದಳು; ಗುಂಡಿ ಕಿತ್ತ ಕುಂಡಕ್ಕೆ ಅದನ್ನು ತುಂಬಿ ಗಿಡವನ್ನು ಮತ್ತೆ ನೆಟ್ಟರು. ಊಟದ ನೆನಪು ಯಾರಿಗೂ ಆಗಲಿಲ್ಲ. ಟೈಲರಣ್ಣ ಬೂಟಿನ ದಾರ ಬಿಚ್ಚಿ ಎಸೆದು, ಕಾಲರಿಗೆ ಹಾಕುವ ಕ್ಯಾನ್ವಾಸ್ ಪಟ್ಟಿಯಿಂದ ಗಿಡಕ್ಕೆ ಸಡಿಲವಾದ ಆಸರೆ ಕೊಟ್ಟ. ಗಳಿಗೆಗೊಮ್ಮೆ ಟೇಪು ಹಿಡಿದು ಅಳೆಯುತ್ತಿದ್ದ.

ನಾಲ್ಕೂವರೆಗೆ ಟೇಪು ಹಿಡಿದವನು ಕೂಗಿದ, "ಕಾಲಿಂಚು ಮೇಲೆದ್ದಿದೆ!"

ನಿಜವಾಗಿಯೂ ತುದಿಯ ಎಲೆ ತಲೆಯೆತ್ತಿತ್ತು. ಅಜ್ಜಿ ಚಪ್ಪಾಳೆ ತಟ್ಟಿದರು, ಮೇಷ್ಟ್ರು ಸೆಲ್ಯೂಟ್ ಹೊಡೆದರು. ಟೈಲರಣ್ಣ ಖುಷಿಗೆ ಅತ್ತೇಬಿಟ್ಟ.

ಐದಾಗಿ ಹತ್ತು ನಿಮಿಷಕ್ಕೆ ಹೆಂಡತಿ ಬಂದಳು. ಗಿಡ ನೋಡಿದಳು, ಕ್ಯಾನ್ವಾಸ್ ಪಟ್ಟಿ ನೋಡಿದಳು, ಮಣ್ಣಾದ ಗಂಡನನ್ನು ನೋಡಿದಳು.

"ಎಲೆ ಮೂರೇ," ಅಂದ ಅವನು ತಲೆ ತಗ್ಗಿಸಿ. "ಆದ್ರೆ ಬದುಕಿದೆ ಕಣೇ."

"ಗೊತ್ತು ರೀ. ಬೆಳಿಗ್ಗೆನೇ ಅಜ್ಜಿ ಫೋನ್ ಮಾಡಿದ್ರು, ನೀವು ಅಂಗಡಿ ಮುಚ್ಚಿ ಗಿಡದ ಆರೈಕೆಗೆ ಕೂತಿದೀರಿ ಅಂತ. ಒಂದು ಗಿಡಕ್ಕೇ ಇಷ್ಟು ಒದ್ದಾಡೋರು ಮರಿನ ಕೈಬಿಡ್ತೀರಾ ಅನ್ನಿಸ್ತು." ಅವಳು ಚೀಲದ ಬಾಯಿ ಸಡಿಲಿಸಿದಳು. "ಅಕ್ಕನ ಮನೆ ನಾಯಿ ಮರಿ ಹಾಕಿತ್ತು. ತಗೊಳ್ಳಿ!"

ಕಂದುಬಣ್ಣದ ಒಂದು ಉಂಡೆ ಹೊರಗೆ ಹಾರಿತು. ಟೈಲರಣ್ಣ ಎರಡೂ ಕೈ ಚಾಚಿ, "ಬಾರೋ ನನ್ನ ರಾಜಾ!" ಅಂದ. ರಾಜ ಅವನ ಕಂಕುಳಡಿಯಿಂದ ನುಸುಳಿ ಕಟ್ಟೆಗೆ ನೆಗೆದ. ಕ್ಯಾನ್ವಾಸ್ ಪಟ್ಟಿ ಕಚ್ಚಿ ಎಳೆದ. ಎಲ್ಲರೂ "ಏಯ್ ಏಯ್!" ಅನ್ನುವಷ್ಟರಲ್ಲಿ ಪಟ್ಟಿ, ಕಾಂಡ, ಮೂರು ಎಲೆ ಎಲ್ಲವೂ ಅವನ ಬಾಯಲ್ಲಿ. ಕುಂಡದಲ್ಲಿ ಮೋಟು ಬುಡವೊಂದೇ ಉಳಿಯಿತು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಗಂಡನ ಕಡೆ ತಿರುಗಿದಳು.

"ನೀನು ಬಂದಾಗ ಬದುಕಿತ್ತು," ಅಂದ ಟೈಲರಣ್ಣ ಸಣ್ಣ ದನಿಯಲ್ಲಿ. "ಸಾಕ್ಷಿ ಇದಾರೆ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಆದರೆ ನಕ್ಕರೂ ಪಟ್ಟು ಬಿಡುವ ಪೈಕಿ ಅವಳಲ್ಲ. "ಷರತ್ತು ಷರತ್ತೇ. ನಾನು ಬಿಟ್ಟುಹೋಗಿದ್ದು ಏಳು ಎಲೆ. ಈ ಬುಡದಲ್ಲಿ ಮತ್ತೆ ಏಳು ಎಲೆ ಬರಲಿ, ಮರಿ ನಿಮ್ಮದು. ಅಲ್ಲೀವರೆಗೂ ಮೇಷ್ಟ್ರ ಮನೇಲಿರಲಿ."

ಮೇಷ್ಟ್ರು ಮರಿಯನ್ನು ಎದೆಗವಚಿಕೊಂಡು ಮಗುವಿನ ಹಾಗೆ ನಗುತ್ತಾ ಮಹಡಿ ಹತ್ತಿದರು. ಟೈಲರಣ್ಣ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ಟೇಪು ಬಿಚ್ಚಿದ. ಮುಕ್ಕಾಲಿಂಚು.

ಅಜ್ಜಿ ಹತ್ತಿರ ಬಂದು ಅವನ ಬೆನ್ನು ಸವರಿದರು. "ಬೇಜಾರು ಮಾಡ್ಕೋಬೇಡ ಕಣೋ. ನಾವೆಲ್ಲ ಇದೀವಲ್ಲ, ಸ್ವಲ್ಪ ನೋಡ್ಕೋತೀವಿ."