ಟೈನಿ ಕೋರಿನ ವೈರಾಗ್ಯ

ಪೆನ್‌ಡ್ರೈವ್ ಕೀಳುವ ಅಗತ್ಯವೇ ದೊಡ್ಡಬಸಪ್ಪನವರಿಗೆ ಇರಲಿಲ್ಲ. ಜಂಬುನಾಥ್ ನಕ್ಕನೆಂದು ಕಿತ್ತರು.

ಚಿತ್ತವಾಡ್ಗಿಯ ಭಜನಾ ಮಂಡಳಿಗೆ ಒಂದು ಕಂಪ್ಯೂಟರ್ ಬೇಕಾಗಿತ್ತು. ಹೊಸದನ್ನೇ ತರೋಣವೆಂದು ಮಂಡಳಿಯ ಕಾರ್ಯದರ್ಶಿ ಜಂಬುನಾಥ್ ಹೇಳಿದ. ತೀರಿಕೊಂಡ ಹೆಂಡತಿ ಚೆನ್ನಬಸಮ್ಮನ ಹಳೆಯ ಕಂಪ್ಯೂಟರನ್ನು ಆಕೆಯ ಹೆಸರಿನಲ್ಲಿ ಕೊಡುತ್ತೇನೆಂದು ದೊಡ್ಡಬಸಪ್ಪನವರು ಹಟ ಹಿಡಿದರು. ಆಯುಧಪೂಜೆಯಲ್ಲಿ ಆಕೆ ಆನ್ ಮಾಡುವ ಗುಂಡಿಯ ಪಕ್ಕ ಇಟ್ಟಿದ್ದ ಕುಂಕುಮ ಅದರ ಮೇಲೆ ಇನ್ನೂ ಇತ್ತು. ಒಳಗಿನ ಡಿಸ್ಕು ಸತ್ತಿದ್ದರೂ, ಕಂಪ್ಯೂಟರನ್ನು ನಡೆಸುವ ಟೈನಿ ಕೋರ್ ಎಂಬ ಪುಟ್ಟ ಲಿನಕ್ಸ್ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅವರು ಯಂತ್ರವನ್ನು ಎಬ್ಬಿಸಿದ್ದರು.

"ಇದು ಜಂಗಮ ಇದ್ದಂಗ," ಎಂದರು. "ಜೋಳಗ್ಯಾಗ ಬೇಕಾದಷ್ಟೇ. ಎದ್ದ ಕೂಡ್ಲೆ ಪೂರಾ ಮೆಮೊರಿಯೊಳಗ ಹೋಗಿ ಕುಂದರತೈತಿ. ಆರಿಸಿದ್ರ ಎಲ್ಲಾ ಮರ್ತು, ಜಳಕ ಮಾಡಿದ ಕೂಸಿನಂಗ ಮತ್ತ ಹೊಸದಾಗಿ ಏಳತೈತಿ. ನಾವು 'ಇಟ್ಕೋ' ಅಂದದ್ದು ಬಿಟ್ರ ಏನೂ ಇಟ್ಕೊಳ್ಳಂಗಿಲ್ಲ!"

"ಹಂಗಾರ ಮಠಕ್ಕ ಕಳಿಸ್ರಿ ಯಜಮಾನ್ರ," ಎಂದು ಜಂಬುನಾಥ್ ನಕ್ಕ. "ಕೋಲು ಊರಿದ ಮುದುಕಪ್ಪ ಇದು. ಪೆನ್‌ಡ್ರೈವ್ ಕಿತ್ರ ಬೀಳತೈತಿ."

ದೊಡ್ಡಬಸಪ್ಪನವರು ಸರಕ್ಕನೆ ಕಿತ್ತು ಕಿಟಕಿಯಲ್ಲಿಟ್ಟರು. ಕಂಪ್ಯೂಟರ್ ಏನೂ ಆಗದಂತೆ ನಡೆಯುತ್ತಲೇ ಇತ್ತು.

"ನೋಡು! ಇನ್ನ ಇದು ಬ್ಯಾಡ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದರು.

ಜಂಬುನಾಥನ ಮುಖ ಉಪ್ಪಿಲ್ಲದ ಸಾರಿನಂತಾಯಿತು. "ಆತು. ಸಂಜಿಗೆ ಮಂಡಳಿಯೋರನ್ನ ಕರ್ಕೊಂಡು ಬರತೀನಿ. ಅವರ ಮುಂದ ಒಮ್ಮೆ ಆರಿಸಿ ಹಚ್ರಿ. ಎದ್ರ ಚೆನ್ನಬಸಮ್ಮನೋರ ಹೆಸರು ಬರಸ್ತೀವಿ. ಇಲ್ಲಾಂದ್ರ ಗುಜರಿಗೆ."

ಊಟ ಮುಗಿಸಿ ನೋಡಿದರೆ ಕಿಟಕಿ ಖಾಲಿ.

"ಪಕ್ಕದಮನಿ ಆಟೋ ವೀರೇಶ ತಗೊಂಡು ಹೋದ," ಎಂದಳು ತಂಗಿ ಅಕ್ಕನಾಗಮ್ಮ. "ತಾತ ಬ್ಯಾಡ ಅಂತ ಒದರಿದ್ನಲ್ಲ, ಅಂದ."

"ನೀ ಸುಮ್ನ ಕೊಟ್ಟಿ?"

"ಯಾಕಣ್ಣ, ಇನ್ನೊಂದು ಇಲ್ಲೇನು?"

"ಒಂದು ಸಾಕಾಗೋ ಕಡೆ ಎರಡು ಇಟ್ಕೋಬಾರ್ದು!" ಎಂದು ಹೆಮ್ಮೆಯಿಂದ ಹೇಳಿದ ದೊಡ್ಡಬಸಪ್ಪನವರು, ಹೇಳಿ ಮುಗಿಸಿದ ಮೇಲೆ ಗಡಿಬಿಡಿಯಿಂದ ಚಪ್ಪಲಿ ಮೆಟ್ಟಿದರು. ಆರಿಸಿದ ಯಂತ್ರ ಮತ್ತೆ ಏಳಬೇಕಾದರೆ ಆ ಪೆನ್‌ಡ್ರೈವೇ ಬೇಕಿತ್ತು.

ವೀರೇಶ್ ಹಂಪಿಯ ಬಾಡಿಗೆಗೆ ಹೋಗಿದ್ದ. ಅವಸರದಲ್ಲಿ ಕಂಪ್ಲಿ ಬಸ್ಸು ಹತ್ತಿದ ದೊಡ್ಡಬಸಪ್ಪನವರು ಹಂಪಿ ಪಕ್ಕದ ಕಮಲಾಪುರದಲ್ಲಿ ಇಳಿದು, ನಿಂತ ಆಟೋಗಳಿಗೆಲ್ಲ ತಲೆ ತೂರಿಸಿ ನೋಡುತ್ತ ನಡೆದರು. ಇವರು ಗೈಡ್ ಇರಬೇಕೆಂದು ಪ್ರವಾಸಿಗಳಿಬ್ಬರು ಹಿಂದೆಯೇ ಬಂದರು. ಕೊನೆಗೆ ಹುಣಸೆ ಮರದ ಕೆಳಗೆ, ಶಿವನ ಹಾಡಿಗೆ ಗಡಗಡ ನಡುಗುತ್ತಿದ್ದ ಆಟೋ ಸಿಕ್ಕಿತು.

"ಭಾಳ ಮಸ್ತ್ ಸಾಮಾನು ಐತಿ ತಾತ!" ಎಂದ ವೀರೇಶ್. "ಅದರಾಗ ಒಂದೂ ಹಾಡು ಇರಲಿಲ್ಲ, ಬರೇ ಕಸ. ಎಲ್ಲಾ ಅಳಿಸಿ ಭಕ್ತಿಗೀತೆ ತುಂಬಿಸೀನಿ."

ದೊಡ್ಡಬಸಪ್ಪನವರು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದರು. ಮರುಕ್ಷಣವೇ ಚಿಮ್ಮಿ ಎದ್ದರು. ಮನೆಯಲ್ಲಿ ಕಂಪ್ಯೂಟರ್ ಇನ್ನೂ ನಡೆಯುತ್ತಿದೆ! ಅದರ ಮೆಮೊರಿಯಲ್ಲಿರುವುದನ್ನು ಮತ್ತೆ ಪೆನ್‌ಡ್ರೈವಿಗೆ ಇಳಿಸಿದರಾಯಿತು, ಒಂದು ಚಹಾ ಕುಡಿಯುವಷ್ಟು ಹೊತ್ತು.

"ಲೇ ವೀರೇಶ, ಗಾಡಿ ತಿರುಗಸು, ಜಲ್ದಿ!"

ದಾರಿಯುದ್ದಕ್ಕೂ ಅವರ ಎದೆ ಉಬ್ಬಿತ್ತು. "ಕೋಲು ಕಿತ್ರೂ ಬೀಳಲಿಲ್ಲ ನೋಡು! ದೊಡ್ಡ ದೊಡ್ಡ ಕಂಪನಿ ಮಷಿನ್ನು ಹಿಂಗ ಇರತಾವೇನು?"

"ಇಲ್ಲ ತಾತ," ಎಂದ ವೀರೇಶ್, ಏನೂ ತಿಳಿಯದೆ.

ಮನೆಯಲ್ಲಿ ಮಂಡಳಿಯವರು ಆಗಲೇ ಚಾಪೆಯ ಮೇಲೆ ಕುಳಿತಿದ್ದರು. ದೊಡ್ಡಬಸಪ್ಪನವರು ಒಳಗೆ ಓಡಿದರು. ಕಂಪ್ಯೂಟರಿನ ಮೇಲೆ ಚೆನ್ನಬಸಮ್ಮನ ಇಳಕಲ್ ಸೀರೆಯ ತುಂಡು ನೀಟಾಗಿ ಹೊದಿಸಿತ್ತು.

"ಮುಂಜಾನಿಂದ ಒಂದೇ ಸಮ ದುಡದೈತಿ, ಪಾಪ," ಎಂದಳು ಅಕ್ಕನಾಗಮ್ಮ. "ಮೈ ಬಿಸಿ ಆಗಿತ್ತು. ಅತ್ತಿಗಿ ಮಾಡತಿದ್ಲಲ್ಲ, ಹಂಗ ಆರಿಸಿ, ಹೊಚ್ಚಿ ಮಲಗಿಸೀನಿ."

ಬೈಯಲು ಹೋದ ದೊಡ್ಡಬಸಪ್ಪನವರು ಆ ಸೀರೆಯ ತುಂಡನ್ನು ತೆಗೆದು ಮಡಚಿಟ್ಟರು.

ಜಂಬುನಾಥ್ ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಉಳಿಯಿತು. "ಯಜಮಾನ್ರ, ಈಗ ಇದರಾಗ ಏನೈತಿ?"

ದೊಡ್ಡಬಸಪ್ಪನವರು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡು ತಲೆಯೆತ್ತಿ ನಿಂತರು. "ಏನೂ ಇಲ್ಲ. ಮುಂಜಾನೆ ಹೇಳಿರಲಿಲ್ಲೇನು? ಆರಿಸಿದ್ರ ಏನೂ ಇಟ್ಕೊಳ್ಳಂಗಿಲ್ಲ!"

ಜಂಬುನಾಥ್ ಪೆಟ್ಟಿಗೆಯನ್ನು ಗುಜರಿಗೆಂದು ಎತ್ತಿದ.

"ಹಗೂರಕ ಹಿಡಿಯಪ್ಪ," ಎಂದರು ದೊಡ್ಡಬಸಪ್ಪನವರು. "ಆ ಕುಂಕುಮ ಒಂದನ್ನ ಇಟ್ಕೊಂಡೈತಿ."