ಮೇಷ್ಟ್ರ ಕೊರಳಿಗೆ ಉಂಡೆ ಕೊಬ್ಬರಿ ಹಾರ

ನಮ್ಮ ಶಿವನಂಜಪ್ಪ ಮೇಷ್ಟ್ರು ಲಾ ಕಾಲೇಜಿನಿಂದ ನಿವೃತ್ತರಾದಾಗ, ತಿಪಟೂರಿನಲ್ಲಿರುವ ಅವರ ಶಿಷ್ಯರೆಲ್ಲ ಸೇರಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಜವಾಬ್ದಾರಿಯನ್ನು ನಾನೇ ಹೊತ್ತುಕೊಂಡೆ. ಯಾರೂ ಹೊರಿಸಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಟಿನಲ್ಲಿ ದಿನಾ ಊರ ಜಗಳವನ್ನೆಲ್ಲ ಸಂಭಾಳಿಸುವ ವಕೀಲೆಗೆ ಒಂದು ಸಮಾರಂಭ ಯಾವ ಲೆಕ್ಕ!

ಮೇಷ್ಟ್ರಿಗೆ ಫೋನ್ ಮಾಡಿದೆ.

"ಸನ್ಮಾನ ಗಿನ್ಮಾನ ಬ್ಯಾಡ ಕಣಮ್ಮ," ಅಂದರು. "ರಿಟೈರ್ ಆದ ದಿನ ಹುಡುಗರಿಗೆ ರಜ ಇತ್ತು. ಕೊನೇ ಕ್ಲಾಸು ತಗೊಳ್ಳೋಕೇ ಆಗ್ಲಿಲ್ಲ. ನೀವೆಲ್ಲ ಸೇರ್ತೀರಲ್ಲ, ಒಂದರ್ಧ ಗಂಟೆ ಪಾಠ ಮಾಡ್ಲಾ?"

'ಮಾಡ್ಲಾ' ಅಂತೆ! ನಮ್ಮನ್ನು ಗದರಿಸಿ ಕೂರಿಸುತ್ತಿದ್ದ ಮನುಷ್ಯ ಈಗ ನನ್ನ ಅಪ್ಪಣೆ ಕೇಳುತ್ತಿದ್ದಾರೆ! "ಖಂಡಿತ ಸರ್, ನಾನಿದ್ದೀನಲ್ಲ!" ಅಂದೆ.

ತೊಂದರೆಯಾಗಿದ್ದೇ ಅಲ್ಲಿ. ನಾನಿದ್ದೆ.

ನಮ್ಮ ಕಡೆ ದೊಡ್ಡವರಿಗೆ ಕೊಬ್ಬರಿ ಹಾರ ಹಾಕುವುದು ರೂಢಿ. ನನ್ನ ಗಂಡ ಕೊಬ್ಬರಿ ವ್ಯಾಪಾರಿ. "ಹೋಳು ಪೋಣಿಸಿದ್ರೆ ಸಾಕಲ್ವೇನೇ?" ಅಂದರು.

"ಹೋಳಿನ ಹಾರ ಎಲ್ರಿಗೂ ಹಾಕ್ತಾರೆ ರೀ. ನಮ್ಮ ಮೇಷ್ಟ್ರಿಗೆ ಒಡೆಯದ ಉಂಡೆ ಕೊಬ್ಬರೀದೇ ಆಗ್ಬೇಕು."

"ಅದು ಕತ್ತು ಕಣೇ, ಎತ್ತಿನ ಗಾಡಿ ಅಲ್ಲ!"

"ನಿಮಗೇನು ಗೊತ್ತಾಗುತ್ತೆ, ಸುಮ್ನಿರಿ!"

ಸಮಾರಂಭದ ದಿನ ಹಾರ ಎತ್ತಲು ಇಬ್ಬರು ವಕೀಲರು ಬೇಕಾದರು. ಅದು ಕೊರಳಿಗೆ ಬಿದ್ದ ಕೂಡಲೇ ಮೇಷ್ಟ್ರ ಗದ್ದ ಎದೆಗಂಟಿತು, ಕನ್ನಡಕ ಕೊಬ್ಬರಿಗಳ ಮಧ್ಯೆ ಎಲ್ಲೋ ಮಾಯವಾಯಿತು. ಹಾಕಿದ ಹಾರವನ್ನು ಒಡನೆಯೇ ತೆಗೆದಿಡುವುದು ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಆದರೆ ಫೋಟೋದವನು ಇನ್ನೂ ಬಂದಿರಲಿಲ್ಲ. "ಸರ್, ಅವನು ಬರೋವರೆಗೂ ಇರ್ಲಿ," ಅಂದೆ. ಪಾಪ, ಇಟ್ಟುಕೊಂಡರು.

ಅಷ್ಟರೊಳಗೆ ಭಾಷಣಗಳು ಮುಗಿಯಲಿ ಎಂದು ಮೈಕು ಕೊಟ್ಟೆ. ವಕೀಲರ ಕೈಗೆ ಮೈಕು! 'ಸಾಕು ಕೂತ್ಕೊಳ್ಳಿ' ಎನ್ನಲು ಜಡ್ಜ್ ಬೇರೆ ಇಲ್ಲ! ಒಬ್ಬರಾದ ಮೇಲೆ ಒಬ್ಬರು ಮೇಷ್ಟ್ರ ಪಾಂಡಿತ್ಯ, ಸಂಶೋಧನೆ, ಸರಳತೆಗಳನ್ನು ವಿವರಿಸಿದರು. ಮೇಷ್ಟ್ರು ನಡುವೆ ಕೈ ಎತ್ತಿದರು. ನಮಸ್ಕಾರ ಮಾಡುತ್ತಿದ್ದಾರೆಂದು ಚಪ್ಪಾಳೆ ತಟ್ಟಿದೆವು. ಕೊನೆಗೆ ನಾನು ಎದ್ದು, 'ಜ್ಞಾನದಾಸೋಹಿಗಳೇ, ನ್ಯಾಯಶಾಸ್ತ್ರ ಧುರೀಣರೇ' ಎಂದು ಶುರುವಾಗುವ ಸನ್ಮಾನ ಪತ್ರವನ್ನು ಒಂದಕ್ಷರ ಬಿಡದೆ ಓದಿದೆ. ಬರೆದವಳೂ ನಾನೇ ಅಲ್ಲವೇ!

ಓದಿ ತಲೆ ಎತ್ತಿದರೆ, ಬಾಗಿಲಲ್ಲಿ ಸಂಜೆಗೆ ಅದೇ ಛತ್ರ ಗೊತ್ತುಮಾಡಿದ್ದ ನಾಮಕರಣದವರು ತೊಟ್ಟಿಲು ಹಿಡಿದು ನಿಂತಿದ್ದಾರೆ. ಮೈಕಿನವನು ವೈರು ಸುತ್ತತೊಡಗಿದ್ದಾನೆ. ಫೋಟೋದವನು ಬರಲೇ ಇಲ್ಲ. ಗಾಬರಿಯಿಂದ ಓಡಿಹೋಗಿ ಹಾರ ತೆಗೆಸಿದೆ. "ಸರ್, ಬೇಗ ಎರಡು ಮಾತು..."

ಮೇಷ್ಟ್ರು ಕತ್ತು ಉಜ್ಜಿಕೊಂಡರು. "ನಾನು ಮೊದಲ ದಿನ ಹೇಳಿಕೊಟ್ಟ ಪಾಠ ಯಾರಿಗೆ ನೆನಪಿದೆ?"

ನಾನು ಠೀವಿಯಿಂದ ಎದ್ದು ನಿಂತೆ. "ಒಬ್ಬ ಮನುಷ್ಯನ ಮಾತು ಕೇಳದೆ ಅವನ ಬಗ್ಗೆ ತೀರ್ಪು ಕೊಡಬಾರದು ಸರ್!"

"ಸರಿಯಾಗಿದೆ. ಕೂತ್ಕೊಳ್ಳಮ್ಮ. ಬೆಳಗ್ಗಿಂದ ನನ್ನ ಬಗ್ಗೆ ಇಷ್ಟೊಂದು ತೀರ್ಪು ಕೊಟ್ರಿ. ನನ್ನ ಮಾತು ಯಾರು ಕೇಳಿದ್ರಿ?"

ನಗುತ್ತಲೇ ಹೇಳಿದರು. ಸಭೆಯೂ ನಕ್ಕಿತು. ನನಗೆ ಮಾತ್ರ ನಾಚಿಕೆಯಿಂದ ಅಳು ಬಂತು. ಮನುಷ್ಯ ಕೇಳಿದ್ದು ಅರ್ಧ ಗಂಟೆ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಟ್ಟಿದ್ದೆ.

ಪಾಠವಿಲ್ಲದೆಯೇ ಸಭೆ ಮುಗಿಯಿತು. ಮೇಷ್ಟ್ರನ್ನು ತುಮಕೂರಿನ ಮನೆಗೆ ಬಿಡಲು ನಮ್ಮ ಕಾರಿನಲ್ಲೇ ಕರೆದುಕೊಂಡು ಹೊರಟೆವು. ಹಾರ ಹಿಂದೆ ಡಿಕ್ಕಿಯಲ್ಲಿತ್ತು. ದಾರಿ ಮಧ್ಯೆ ಕಿಬ್ಬನಹಳ್ಳಿ ಕೈಮರದಲ್ಲಿ ನನ್ನ ಗಂಡ ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, "ಸರ್, ನಾನಂತೂ ಲಾ ಓದ್ದೋನಲ್ಲ. ಆ ಪಾಠ ಇಲ್ಲೇ ಮಾಡ್ತೀರಾ?" ಅಂದರು.

ಮೇಷ್ಟ್ರ ಮುಖ ಅರಳಿತು! ಬೆಂಚಿನ ಮುಂದೆ ನಿಂತು ಪಾಠ ಶುರುಮಾಡಿಯೇಬಿಟ್ಟರು. ಬಸ್ಸಿಗೆ ಕಾದಿದ್ದವರೂ ಹತ್ತಿರ ಬಂದರು. ಅದೇ ದನಿ, ಪ್ರಶ್ನೆ ಕೇಳಿ ಹುಬ್ಬೇರಿಸುವ ಅದೇ ರೀತಿ. ಟೀ ಆರಿಹೋಯಿತು. ನಾನು ಮತ್ತೆ ಮೊದಲ ವರ್ಷದ ಹುಡುಗಿಯಾಗಿದ್ದೆ.

ಪಾಠ ಮುಗಿಯಿತು. ಕಣ್ಣೊರೆಸಿಕೊಂಡು ಎದ್ದು, ಗಂಟಲು ಸರಿಮಾಡಿಕೊಂಡು, "ಈ ಶುಭ ಸಂದರ್ಭದಲ್ಲಿ ವಂದನಾರ್ಪಣೆಯ ಎರಡು ಮಾತು..." ಎಂದೆ.

ಮೇಷ್ಟ್ರು ನನ್ನ ಗಂಡನ ಕಡೆ ತಿರುಗಿದರು.

"ಅಪ್ಪಾ, ಆ ಹಾರ ಡಿಕ್ಕಿಯಲ್ಲೇ ಇದೆ ಅಲ್ವಾ? ತಗೊಂಬಾ, ಇವಳಿಗೆ ಹಾಕೋಣ."

ಕೂತುಬಿಟ್ಟೆ!